ಗಂಟಲು ನೋವು: ಮನೆಮದ್ದು ಎಲ್ಲಿಯವರೆಗೆ?

ಮನುಷ್ಯನ ಶರೀರದಲ್ಲಿ ಕೊರಳಿನಷ್ಟು ದುಡಿಯುವ ಭಾಗಗಳು ವಿರಳ. ಉಣ್ಣುವ ಅನ್ನ, ಕುಡಿಯುವ ನೀರು, ಎಳೆದುಕೊಳ್ಳುವ ಉಸಿರು, ಆಡುವ ಮಾತು, ಹಾಡುವ ಹಾಡು ಇವೆಲ್ಲವೂ ಆ ಕಿರಿದಾದ ದಾರಿಯಲ್ಲಿಯೇ ಸಾಗಬೇಕು. ಅದು ಸ್ವಸ್ಥವಾಗಿರುವಷ್ಟು ಕಾಲ ನಮಗೆ ಅದರ ನೆನಪೇ ಇರುವುದಿಲ್ಲ. ಒಂದು ಮುಂಜಾನೆ ಉಗುಳು ನುಂಗಿದಾಗ ಮುಳ್ಳು ಚುಚ್ಚಿದಂತಾದರೆ ಮಾತ್ರ, ಊಟವೂ ಬೇಡ, ಮಾತೂ ಬೇಡ, ನಿದ್ರೆಯೂ ಇಲ್ಲ ಎಂಬ ಸ್ಥಿತಿ ಒದಗುತ್ತದೆ. ದಿನವೂ ಸವಿದು ತಿನ್ನುತ್ತಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳನ್ನು ಕಂಡರೇ ಭಯವಾಗುತ್ತದೆ.

ಮಾಗಿಯ ಚಳಿಯಲ್ಲಿ, ಜಾತ್ರೆಯ ಧೂಳಿನ ದಿನಗಳಲ್ಲಿ, ಮಳೆಗಾಲದೊಂದಿಗೆ ಶಾಲೆಗಳು ಆರಂಭವಾಗುವ ಹೊತ್ತಿನಲ್ಲಿ ಈ ಬೇನೆ ಕಾಣದ ಮನೆ ಇಲ್ಲವೆಂದೇ ಹೇಳಬೇಕು. ಇಷ್ಟು ಪರಿಚಿತವಾದುದರಿಂದಲೇ ಇದರ ವಿಷಯದಲ್ಲಿ ನಮ್ಮ ಕುಟುಂಬಗಳು ಎರಡು ಅತಿರೇಕಗಳಿಗೆ ಹೋಗುವುದನ್ನು ನಾವು ಕಾಣುತ್ತೇವೆ. ಕೆಲವು ಮನೆಗಳಲ್ಲಿ ಗಂಟಲು ಕೆರೆದ ದಿನವೇ ಔಷಧದ ಅಂಗಡಿಗೆ ಹೋಗಿ ನಾಲ್ಕು ಮಾತ್ರೆ ತಂದು ನುಂಗುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಮಗು ಜ್ವರದಿಂದ ಬೇಯುತ್ತಿದ್ದರೂ ಕಷಾಯ ಕುಡಿಸಿದರೆ ಹೋದೀತೆಂದು ವಾರಗಟ್ಟಲೆ ಕಾಯುತ್ತಾರೆ. ಮೊದಲನೆಯದು ಅನಾವಶ್ಯಕ, ಎರಡನೆಯದು ಒಮ್ಮೊಮ್ಮೆ ಆ ಮಗುವಿನ ಹೃದಯಕ್ಕೇ ಆಜೀವ ಪೆಟ್ಟು ಕೊಡಬಲ್ಲುದು. ಎಲ್ಲಿಯವರೆಗೆ ಮನೆಮದ್ದು ಸಾಕು, ಎಲ್ಲಿಂದ ಮುಂದೆ ವೈದ್ಯರು ಬೇಕು ಎಂಬ ತಿಳಿವಳಿಕೆ ಪ್ರತಿಯೊಬ್ಬ ಗೃಹಿಣಿಗೂ, ಪ್ರತಿಯೊಬ್ಬ ಹಿರಿಯರಿಗೂ ಇರಬೇಕಾದುದು ಅಗತ್ಯ.

ನೋವಿನ ಮೂಲ

ಬಾಯಿ ಅಗಲವಾಗಿ ತೆರೆದು ಕನ್ನಡಿಯಲ್ಲಿ ನೋಡಿಕೊಂಡರೆ ನಡುವೆ ಕಿರುನಾಲಿಗೆಯೂ ಅದರ ಎರಡು ಬದಿಗಳಲ್ಲಿ ಬಾದಾಮಿಯ ಆಕಾರದ ಟಾನ್ಸಿಲ್ ಗ್ರಂಥಿಗಳೂ ಕಾಣುತ್ತವೆ. ಮೂಗು ಬಾಯಿಗಳಿಂದ ಒಳಬರುವ ರೋಗಾಣುಗಳನ್ನು ತಡೆದು ನಿಲ್ಲಿಸುವ ಕಾವಲುಗಾರರಲ್ಲಿ ಇವೂ ಸೇರಿವೆ. ಕಾವಲು ಮುರಿದು ರೋಗಾಣು ನುಗ್ಗಿದಾಗ ಆ ಜಾಗಕ್ಕೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಗಂಟಲು ಕೆಂಪಾಗಿ ಊದಿಕೊಳ್ಳುತ್ತದೆ. ನರಗಳ ತುದಿಗಳು ಕೆರಳುತ್ತವೆ. ನಮಗೆ ನೋವೆಂದು ತೋರುವುದು ಬಹುಮಟ್ಟಿಗೆ ಶರೀರವು ತನ್ನ ರಕ್ಷಣೆಗಾಗಿ ನಡೆಸುವ ಹೋರಾಟದ ಕುರುಹೇ ಆಗಿದೆ.

ಗಂಟಲು ನೋವಿನ ಬಹುಪಾಲು ಪ್ರಸಂಗಗಳಿಗೆ ಕಾರಣ ವೈರಸ್‌ಗಳು. ನೆಗಡಿಯ ವೈರಸ್, ಫ್ಲೂ ಜ್ವರದ ವೈರಸ್, 2020ರಿಂದೀಚೆಗೆ ನಮಗೆಲ್ಲ ಪರಿಚಿತವಾದ ಕೊರೋನಾ ವೈರಸ್ ಇವು ಈ ಗುಂಪಿಗೆ ಸೇರಿದವು. ಮೂಗು ಸೋರುವುದು, ಕೆಮ್ಮು, ಧ್ವನಿ ಒಡೆಯುವುದು, ಕಣ್ಣು ಕೆಂಪಾಗುವುದು ಜೊತೆಗಿದ್ದರೆ ಅದು ವೈರಸ್ಸಿನದೇ ಎಂದು ಬಹುಮಟ್ಟಿಗೆ ಹೇಳಬಹುದು. ರೋಗಾಣುಗಳಲ್ಲದೆ ಧೂಳು, ಒಲೆಯ ಹೊಗೆ, ಬೀಡಿ ಸಿಗರೇಟು, ಅತಿಯಾದ ಮಾತು, ಬಾಯಿ ತೆರೆದು ಮಲಗುವ ಅಭ್ಯಾಸ, ಹೊಟ್ಟೆಯ ಹುಳಿ ಮೇಲೇರುವುದು ಇವೂ ಗಂಟಲನ್ನು ಕೆರಳಿಸುತ್ತವೆ. ಐಸ್‌ಕ್ರೀಮ್ ತಿಂದುದರಿಂದಲೇ ಬೇನೆ ಬಂತೆಂದು ಮಕ್ಕಳನ್ನು ಗದರಿಸುವುದು ವಾಡಿಕೆ. ಆದರೆ ತಂಪು ಪದಾರ್ಥ ತಾನಾಗಿ ರೋಗಾಣುವನ್ನು ತರುವುದಿಲ್ಲ. ಊದಿಕೊಂಡ ಗಂಟಲಿಗೆ ಕೆಲವರಿಗೆ ಬಿಸಿಯೂ ಕೆಲವರಿಗೆ ತಂಪೂ ಹಿತವೆನಿಸುತ್ತದೆ.

ಸಮಾಧಾನದ ಸಂಗತಿಯೆಂದರೆ, ಈ ನೋವು ಬಹುತೇಕ ತಾನಾಗಿಯೇ ಗುಣವಾಗುತ್ತದೆ. ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪ್ರತಿಜೈವಿಕ ಔಷಧ ತೆಗೆದುಕೊಳ್ಳದೆ ಇದ್ದವರಲ್ಲಿಯೂ ನೂರಕ್ಕೆ ಸುಮಾರು 80 ಮಂದಿ ಒಂದು ವಾರದೊಳಗೆ ಚೇತರಿಸಿಕೊಂಡುದು ಕಂಡುಬಂದಿದೆ. ಆದುದರಿಂದ ಆ ಒಂದು ವಾರವನ್ನು ಆದಷ್ಟು ಸಹನೀಯವಾಗಿ ಕಳೆಯುವುದು ಹೇಗೆ ಎಂಬುದೇ ಹೆಚ್ಚಿನ ಮನೆಗಳ ಮುಂದಿರುವ ನಿಜವಾದ ಪ್ರಶ್ನೆ.

ಉಪಶಮನದ ದಾರಿಗಳು

ಮೊದಲನೆಯದು ನಮ್ಮ ಅಜ್ಜಿಯರು ಹೇಳಿಕೊಟ್ಟ ಉಪ್ಪುನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಬೆರೆಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಗಂಟಲಿನವರೆಗೆ ಮುಕ್ಕಳಿಸಿ ಉಗುಳಬೇಕು. ದಿನಕ್ಕೆ ನಾಲ್ಕಾರು ಬಾರಿ ಹೀಗೆ ಮಾಡಿದರೆ ಊತ ಸಡಿಲಗೊಂಡು, ಅಂಟಿದ ಕಫ ಕಳಚಿ, ತಾತ್ಕಾಲಿಕ ನೆಮ್ಮದಿ ದೊರೆಯುತ್ತದೆ. ಉಪ್ಪು ಹೆಚ್ಚಾದಷ್ಟು ಗುಣ ಹೆಚ್ಚೆಂಬ ಭಾವನೆ ಸಲ್ಲದು. ಅದರಿಂದ ಗಂಟಲು ಒಣಗುತ್ತದೆ. ಮುಕ್ಕಳಿಸಿ ಉಗುಳಲು ಬಾರದ ಚಿಕ್ಕ ಮಕ್ಕಳಿಗೆ ಇದನ್ನು ಮಾಡಿಸಬಾರದು. 2005ರಲ್ಲಿ ಜಪಾನಿನ ವೈದ್ಯರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ದಿನವೂ ಬರಿಯ ನೀರಿನಿಂದ ಗಂಟಲು ಮುಕ್ಕಳಿಸುತ್ತಿದ್ದ ಆರೋಗ್ಯವಂತರಿಗೆ ನೆಗಡಿಯಂತಹ ಬೇನೆಗಳು ಕಡಿಮೆ ಬಂದುದು ಕಂಡುಬಂದಿತು. ಅಯೋಡಿನ್ ಬೆರೆತ ಔಷಧದಿಂದ ಮುಕ್ಕಳಿಸಿದವರಿಗೆ ಆ ಲಾಭ ದೊರೆಯಲಿಲ್ಲ. ದುಬಾರಿ ಬಾಟಲಿಗಳಿಗಿಂತ ಮನೆಯ ನೀರೇ ಮೇಲೆಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯದು ದ್ರವಾಹಾರ. ನುಂಗಲು ನೋವೆಂದು ನೀರನ್ನೇ ಬಿಟ್ಟರೆ ಗಂಟಲು ಒಣಗಿ ನೋವು ಇಮ್ಮಡಿಸುತ್ತದೆ. ಜ್ವರವಿದ್ದರೆ ಶರೀರವೂ ಸೊರಗುತ್ತದೆ. ಗುಟುಕು ಗುಟುಕಾಗಿಯಾದರೂ ಬೆಚ್ಚಗಿನ ನೀರು, ಗಂಜಿ, ಅಂಬಲಿ, ತೆಳುವಾದ ಬೇಳೆಯ ಕಟ್ಟು, ಮಜ್ಜಿಗೆ ಇವುಗಳನ್ನು ಸೇವಿಸುತ್ತಿರಬೇಕು. ಅನ್ನವನ್ನು ಮೆತ್ತಗೆ ಬೇಯಿಸಿ ಹೆಸರುಬೇಳೆಯ ತೊವ್ವೆಯೊಂದಿಗೆ ಕಲಸಿ ಕೊಡಬಹುದು. ಖಾರ, ಹುಳಿ, ಗಟ್ಟಿ ರೊಟ್ಟಿ, ಕರಿದ ತಿಂಡಿಗಳನ್ನು ನಾಲ್ಕು ದಿನ ದೂರವಿಡುವುದು ಒಳಿತು.

ಮೂರನೆಯದು ಜೇನುತುಪ್ಪ. ಬೆಚ್ಚಗಿನ ನೀರಿನಲ್ಲಾಗಲಿ, ಶುಂಠಿಯ ಕಷಾಯದಲ್ಲಾಗಲಿ ಒಂದು ಚಮಚ ಜೇನು ಬೆರೆಸಿ ಕುಡಿದರೆ ಗಂಟಲಿಗೆ ತೆಳುವಾದ ಲೇಪ ಕೊಟ್ಟಂತಾಗಿ ಕೆಮ್ಮು ಹಿಡಿತಕ್ಕೆ ಬರುತ್ತದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು. ಜೇನಿನಲ್ಲಿ ಕೆಲವೊಮ್ಮೆ ಅಡಗಿರುವ ಬೊಟುಲಿಸಂ ಎಂಬ ರೋಗದ ಬೀಜಾಣುಗಳು ದೊಡ್ಡವರಿಗೆ ಏನೂ ಮಾಡದಿದ್ದರೂ ಎಳೆಗೂಸಿನ ಕರುಳಿನಲ್ಲಿ ಮೊಳೆತು ಪ್ರಾಣಾಪಾಯ ತರಬಲ್ಲವು.

ಜ್ಯೇಷ್ಠಮಧುವಿನ ಕಡ್ಡಿಯನ್ನು ಬಾಯಲ್ಲಿಟ್ಟು ರಸ ನುಂಗುವುದು ಹಾಡುವವರಿಗೂ ಉಪನ್ಯಾಸಕಾರರಿಗೂ ಹಳೆಯ ಪರಿಚಯ. ಶಸ್ತ್ರಚಿಕಿತ್ಸೆಗೆ ಮುನ್ನ ಇದರ ನೀರಿನಿಂದ ಮುಕ್ಕಳಿಸಿದವರಿಗೆ, ಅರಿವಳಿಕೆಯ ನಳಿಕೆಯಿಂದಾಗುವ ಗಂಟಲು ನೋವು ಕಡಿಮೆಯಾದುದನ್ನು ಆಧುನಿಕ ವೈದ್ಯರೂ ಗುರುತಿಸಿದ್ದಾರೆ. ಆದರೆ ಇದನ್ನು ಬಹುದಿನ, ಬಹಳ ಪ್ರಮಾಣದಲ್ಲಿ ನುಂಗಿದರೆ ರಕ್ತದೊತ್ತಡ ಏರುತ್ತದೆ. ರಕ್ತದೊತ್ತಡ ಉಳ್ಳವರೂ ಗರ್ಭಿಣಿಯರೂ ಇದರಿಂದ ದೂರವಿರಬೇಕು. ಅರಿಶಿನದ ಹಾಲು, ಮೆಣಸಿನ ಸಾರು, ತುಳಸಿಯ ಕಷಾಯಗಳು ಹಿತವೆನಿಸಿದರೆ ಕುಡಿಯಲು ಅಡ್ಡಿಯಿಲ್ಲ. ಅವು ನೆಮ್ಮದಿ ಕೊಡುತ್ತವೆ, ರೋಗಾಣುವನ್ನು ಬುಡಸಮೇತ ಕೀಳುತ್ತವೆಂಬ ಭರವಸೆ ಮಾತ್ರ ಬೇಡ.

ನೋವು ಸಹಿಸಲಾಗದಾಗ ಪ್ಯಾರಸಿಟಮಾಲ್ ಮಾತ್ರೆ ಸುರಕ್ಷಿತ. ದೊಡ್ಡವರು ಒಂದು ದಿನದಲ್ಲಿ ಎಲ್ಲ ಸೇರಿ ನಾಲ್ಕು ಗ್ರಾಂ ಮೀರಬಾರದು. ಮಕ್ಕಳಿಗೆ ತೂಕಕ್ಕೆ ತಕ್ಕಂತೆ, ವೈದ್ಯರು ಹೇಳಿದಷ್ಟೇ ಕೊಡಬೇಕು. ಹದಿನಾರು ವರ್ಷದೊಳಗಿನ ಮಕ್ಕಳಿಗೆ ವೈದ್ಯರ ಮಾತಿಲ್ಲದೆ ಆಸ್ಪಿರಿನ್ ಕೊಡುವುದು ಅಪಾಯಕಾರಿ. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಕಂಬಳಿ ಹೊದಿಸಿ ಹಬೆ ಕೊಡುವ ಪದ್ಧತಿಯಿಂದ ಎಷ್ಟೋ ಮಕ್ಕಳು ಮೈ ಸುಟ್ಟುಕೊಂಡಿದ್ದಾರೆ. ಅದನ್ನು ಕೈಬಿಡುವುದೇ ಲೇಸು. ಕೊರಳಿಗೆ ಸುಣ್ಣ ಬಳಿಯುವುದು, ಕಿರುನಾಲಿಗೆ ಇಳಿದಿದೆಯೆಂದು ಬೆರಳು ಹಾಕಿ ಒತ್ತಿಸುವುದು ಕೆಲವೆಡೆ ಇನ್ನೂ ಉಳಿದುಕೊಂಡಿದೆ. ಮೊದಲನೆಯದರಿಂದ ಚರ್ಮ ಸುಡುತ್ತದೆ, ಎರಡನೆಯದರಿಂದ ಗಾಯವಾಗುತ್ತದೆ, ಗುಣವೇನೂ ಇಲ್ಲ.

ಕೊನೆಯದಾಗಿ, ಮೌನ ಮತ್ತು ನಿದ್ರೆ. ಶಿಕ್ಷಕರೂ ಭಜನೆ ಹಾಡುವವರೂ ಎರಡು ಮೂರು ದಿನ ಧ್ವನಿಗೆ ಬಿಡುವು ಕೊಟ್ಟರೆ, ಮುಂದೆ ಮೂರು ವಾರ ಧ್ವನಿಯಿಲ್ಲದೆ ಪರಿತಪಿಸುವುದು ತಪ್ಪುತ್ತದೆ.

ಅಂಗಡಿಯ ಮಾತ್ರೆಗೆ ಅವಸರ ಬೇಡ

ಇಲ್ಲಿ ಒಂದು ಹಳೆಯ ಪ್ರಸಂಗವನ್ನು ನೆನೆಯುವುದು ಉಚಿತ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು 1945ರ ಡಿಸೆಂಬರಿನಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದ ಸಂದರ್ಭದ ಉಪನ್ಯಾಸದಲ್ಲಿ ಒಂದು ಕಲ್ಪಿತ ಕಥೆಯನ್ನು ಹೇಳಿದರು. ಒಬ್ಬ ಗೃಹಸ್ಥನಿಗೆ ಗಂಟಲು ನೋವು. ಆತ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ರೋಗಾಣುಗಳು ಸಾಯುವುದಿಲ್ಲ, ಬದಲಿಗೆ ಔಷಧವನ್ನು ಎದುರಿಸುವುದನ್ನು ಕಲಿಯುತ್ತವೆ. ಅವೇ ರೋಗಾಣುಗಳು ಹೆಂಡತಿಗೆ ಅಂಟಿ ಆಕೆಗೆ ನ್ಯುಮೋನಿಯಾ ಬರುತ್ತದೆ. ಆಗ ಪೆನಿಸಿಲಿನ್ ಕೆಲಸ ಮಾಡದೆ ಆಕೆ ಸಾಯುತ್ತಾಳೆ. ಆ ಸಾವಿಗೆ ಹೊಣೆ ಯಾರು ಎಂಬುದೇ ಅವರ ಪ್ರಶ್ನೆಯಾಗಿತ್ತು.

ಔಷಧವನ್ನು ಕಂಡುಹಿಡಿದವರೇ ಅಂದು ಕೊಟ್ಟ ಎಚ್ಚರಿಕೆ ಇಂದು ನಿಜವಾಗಿದೆ. ಅನೇಕ ರೋಗಾಣುಗಳು ಹಲವು ಪ್ರತಿಜೈವಿಕ ಔಷಧಗಳಿಗೆ ಬಗ್ಗದಂತಾಗಿವೆ. ಈ ಔಷಧಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲವೇ ಹೊರತು ವೈರಸ್‌ಗಳನ್ನಲ್ಲ. ಆದುದರಿಂದ ನೆಗಡಿಯ ಗಂಟಲು ನೋವಿಗೆ ಅವುಗಳನ್ನು ನುಂಗಿದರೆ ಹೊಟ್ಟೆ ಕೆಡುವುದಷ್ಟೇ ಲಾಭ. ಕಳೆದ ಸಲ ಯಾರಿಗೋ ಬರೆದುಕೊಟ್ಟ ಚೀಟಿಯನ್ನು ತೋರಿಸಿ ಈ ಸಲ ಇನ್ನಾರಿಗೋ ಮಾತ್ರೆ ತರುವ ಅಭ್ಯಾಸ, ಎರಡು ದಿನ ನುಂಗಿ ನೋವು ಇಳಿದೊಡನೆ ಉಳಿದುದನ್ನು ಡಬ್ಬಿಯಲ್ಲಿ ಕಾಯ್ದಿಡುವ ಅಭ್ಯಾಸ, ಇವೆರಡನ್ನೂ ನಮ್ಮ ಮನೆಗಳಿಂದ ಹೊರಹಾಕಬೇಕು.

ಕೊರಳಿನಿಂದ ಹೃದಯಕ್ಕೆ

ಹಾಗಾದರೆ ಗಂಟಲು ನೋವಿಗೆ ಪ್ರತಿಜೈವಿಕ ಔಷಧ ಎಂದಿಗೂ ಬೇಡವೇ ಎಂದು ಓದುಗರು ಕೇಳಬಹುದು. ಬೇಕಾದ ಸಂದರ್ಭವೊಂದಿದೆ, ಈ ಲೇಖನದ ತಿರುಳೂ ಅದೇ.

ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ ಮುಖ್ಯವಾಗಿ 5ರಿಂದ 15 ವರ್ಷದ ಮಕ್ಕಳ ಗಂಟಲನ್ನು ಹಿಡಿಯುತ್ತದೆ. ಗಂಟಲಿನ ನೋವು ಇಲ್ಲಿಯೂ ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ, ಮನೆಯವರು ನಿಶ್ಚಿಂತರಾಗುತ್ತಾರೆ. ಆದರೆ ಎರಡು ಮೂರು ವಾರ ಕಳೆದ ಮೇಲೆ ಕೆಲವು ಮಕ್ಕಳಿಗೆ ಮತ್ತೆ ಜ್ವರ ಬಂದು, ಮೊಣಕಾಲು ಊದಿಕೊಂಡು, ಅದು ಇಳಿಯುವಷ್ಟರಲ್ಲಿ ಹರಡು, ಆ ಮೇಲೆ ಮೊಣಕೈ ಹೀಗೆ ನೋವು ಕೀಲಿನಿಂದ ಕೀಲಿಗೆ ಓಡಾಡುತ್ತದೆ. ಇದನ್ನು ರುಮ್ಯಾಟಿಕ್ ಜ್ವರ ಎನ್ನುತ್ತಾರೆ. ರೋಗಾಣುವಿನ ವಿರುದ್ಧ ಶರೀರ ಸಿದ್ಧಪಡಿಸಿದ ಆಯುಧಗಳು, ಗುರುತು ತಪ್ಪಿ, ತನ್ನದೇ ಕೀಲುಗಳ ಮೇಲೆ, ಹೃದಯದ ಮೇಲೆ ಬೀಳುವುದರಿಂದ ಉಂಟಾಗುವ ಕಾಯಿಲೆ ಇದು. ಈ ಜ್ವರವು ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂಬುದು ವೈದ್ಯರಲ್ಲಿ ಪ್ರಚಲಿತವಾದ ಹಳೆಯ ಮಾತು. ಕೀಲುಗಳು ಕಲೆಯಿಲ್ಲದಂತೆ ಗುಣವಾಗುತ್ತವೆ; ಹೃದಯದ ಕವಾಟಗಳು ಮಾತ್ರ ಗಾಯಗೊಂಡು ದಪ್ಪವಾಗಿ, ಒಂದಕ್ಕೊಂದು ಅಂಟಿ, ಮುಂದೆ ಸರಿಯಾಗಿ ತೆರೆಯಲಾರದೆ ಅಥವಾ ಮುಚ್ಚಲಾರದೆ ಹೋಗುತ್ತವೆ.

ಇದರ ಪರಿಣಾಮ ಅನೇಕರಲ್ಲಿ ವರ್ಷಗಳ ನಂತರ ಗೋಚರಿಸುತ್ತದೆ. ಶಾಲೆಯಲ್ಲಿ ಆಡಿ ಓಡಿ ಬೆಳೆದ ಹುಡುಗಿ ಮದುವೆಯಾಗಿ ಗರ್ಭಿಣಿಯಾದಾಗ ಹೃದಯಕ್ಕೆ ಬೀಳುವ ಹೆಚ್ಚಿನ ಹೊರೆಯಿಂದ ಏದುಸಿರು ಬಿಡತೊಡಗುತ್ತಾಳೆ. ಪರೀಕ್ಷಿಸಿದಾಗ ಮೈಟ್ರಲ್ ಕವಾಟ ಕಿರಿದಾಗಿರುವುದು ತಿಳಿಯುತ್ತದೆ. ಎಂದೋ ಬಂದು ಹೋದ ಗಂಟಲು ನೋವು ಆ ವೇಳೆಗೆ ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಕಿರಿದಾದ ಕವಾಟವನ್ನು ಬಲೂನಿನ ಮೂಲಕ ಬಿಡಿಸುವ ಚಿಕಿತ್ಸೆ ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಬಹುಕಾಲದಿಂದ ನಡೆಯುತ್ತ ಬಂದಿದೆ. ಮೈಸೂರು, ಕಲಬುರಗಿಗಳಲ್ಲಿಯೂ ಆ ಸಂಸ್ಥೆಯ ಆಸ್ಪತ್ರೆಗಳಿವೆ. ಆದರೂ ಕವಾಟ ಕೆಟ್ಟ ಮೇಲೆ ದುರಸ್ತಿ ಮಾಡುವುದಕ್ಕಿಂತ ಕೆಡದಂತೆ ಕಾಯುವುದು ಎಷ್ಟೋ ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5.5 ಕೋಟಿ ಜನ ಈ ಹೃದ್ರೋಗದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ ಸುಮಾರು 3.6 ಲಕ್ಷ ಜನ ಸಾಯುತ್ತಾರೆ. ಬಡತನ, ಇಕ್ಕಟ್ಟಾದ ವಾಸ, ಸಕಾಲಕ್ಕೆ ಚಿಕಿತ್ಸೆ ದೊರೆಯದಿರುವುದು ಇವೇ ಇದರ ನೆಲೆಗಳು. 2018ರಲ್ಲಿ ವಿಶ್ವ ಆರೋಗ್ಯ ಸಭೆಯು ಇದರ ನಿವಾರಣೆಗಾಗಿ ನಿರ್ಣಯವನ್ನೇ ಅಂಗೀಕರಿಸಿತು.

ತಡೆಯುವ ದಾರಿ ತಿಳಿದು ಎಪ್ಪತ್ತು ವರ್ಷಗಳೇ ಸಂದಿವೆ. ಅಮೆರಿಕದ ವಯೋಮಿಂಗ್ ರಾಜ್ಯದ ವಾಯುನೆಲೆಯೊಂದರಲ್ಲಿ ಈ ಗಂಟಲು ಬೇನೆ ಬಂದ ಸೈನಿಕರಿಗೆ ಪೆನಿಸಿಲಿನ್ ಕೊಟ್ಟು ನೋಡಿದ ವೈದ್ಯರು, ಔಷಧ ಪಡೆದವರಲ್ಲಿ ರುಮ್ಯಾಟಿಕ್ ಜ್ವರ ಬಹುಮಟ್ಟಿಗೆ ಕಾಣಿಸಲಿಲ್ಲವೆಂದು 1950ರಲ್ಲಿ ಪ್ರಕಟಿಸಿದರು. ಬೇನೆ ಆರಂಭವಾಗಿ ಒಂಬತ್ತು ದಿನಗಳೊಳಗೆ ಔಷಧ ಆರಂಭಿಸಿದರೂ ಹೃದಯಕ್ಕೆ ರಕ್ಷಣೆ ದೊರೆಯುತ್ತದೆ. ಇನ್ನೂ ಒಂದು ಭಾಗ್ಯವೆಂದರೆ, ಬೇರೆ ರೋಗಾಣುಗಳು ಪೆನಿಸಿಲಿನ್ನಿಗೆ ಬಗ್ಗದಂತಾಗಿದ್ದರೂ ಈ ಸ್ಟ್ರೆಪ್ಟೊಕಾಕಸ್ ಇಂದಿಗೂ ಆ ಅಗ್ಗದ ಔಷಧಕ್ಕೆ ಮಣಿಯುತ್ತದೆ.

ಗುರುತಿಸುವ ಬಗೆ

ತಾಯಂದಿರು ನಾಲ್ಕು ಲಕ್ಷಣಗಳನ್ನು ನೆನಪಿಟ್ಟುಕೊಂಡರೆ ಸಾಕು. ಜ್ವರ ಇರುವುದು, ಕೆಮ್ಮು ಇಲ್ಲದಿರುವುದು, ಟಾನ್ಸಿಲ್ ಊದಿ ಅದರ ಮೇಲೆ ಬಿಳಿಯ ಕೀವಿನ ಚುಕ್ಕೆಗಳು ಕಾಣುವುದು, ದವಡೆಯ ಕೆಳಗೆ ಕೊರಳಿನ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟುಗಳು ಏಳುವುದು. ಶಾಲೆಗೆ ಹೋಗುವ ವಯಸ್ಸಿನ ಮಗುವಿನಲ್ಲಿ ಇವುಗಳಲ್ಲಿ ಎರಡು ಮೂರು ಕಂಡುಬಂದರೆ ಕಷಾಯದ ಪಾತ್ರೆಯನ್ನು ಕೆಳಗಿಟ್ಟು ವೈದ್ಯರ ಬಳಿಗೆ ಹೋಗಬೇಕು. ಸಂಶಯವಿದ್ದಲ್ಲಿ ಅವರು ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಿಂದ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ.

ಪೆನಿಸಿಲಿನ್ ಮಾತ್ರೆ ಬರೆದುಕೊಟ್ಟರೆ ಹತ್ತು ದಿನವೂ ತಪ್ಪದೆ ನುಂಗಿಸಬೇಕು. ಮೂರನೆಯ ದಿನವೇ ಮಗು ಆಟಕ್ಕೆ ಓಡಬಹುದು. ಆದರೆ ಔಷಧ ನಿಲ್ಲಿಸಬಾರದು. ಹಿಂದೆ ಎಂದಾದರೂ ಪೆನಿಸಿಲಿನ್ನಿನಿಂದ ಮೈ ದದ್ದು, ಉಬ್ಬಸ ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಔಷಧ ಆರಂಭಿಸಿ ಒಂದು ದಿನ ಕಳೆಯುವವರೆಗೆ ಮಗುವನ್ನು ಶಾಲೆಗೆ ಕಳುಹಿಸಬಾರದು. ನೂರಾರು ಮಕ್ಕಳು ಒಟ್ಟಿಗೆ ಉಂಡು ಮಲಗುವ ಪ್ರಸಾದನಿಲಯ, ವಸತಿಶಾಲೆಗಳ ಮೇಲ್ವಿಚಾರಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಬ್ಬನ ಗಂಟಲು ಬೇನೆ ಅಲ್ಲಿ ಹತ್ತು ಮಂದಿಗೆ ಅಂಟಲು ಹೆಚ್ಚು ದಿನ ಬೇಡ. ಹಾಸಿಗೆಗಳ ನಡುವೆ ಅಂತರ, ಬೇರೆ ಬೇರೆ ಲೋಟ ಮತ್ತು ಟವೆಲು, ಸಾಬೂನಿನಿಂದ ಕೈತೊಳೆಯುವುದು ಇವು ಖರ್ಚಿಲ್ಲದ ರಕ್ಷಣೆಗಳು.

ಒಮ್ಮೆ ರುಮ್ಯಾಟಿಕ್ ಜ್ವರ ಬಂದ ಮಗುವಿಗೆ ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಹಾಕಿಸಬೇಕಾಗುತ್ತದೆ. ಮಗು ಚೆನ್ನಾಗಿದೆಯಲ್ಲ ಎಂದು ನಡುವೆ ನಿಲ್ಲಿಸಿದರೆ ಜ್ವರ ಮರುಕಳಿಸಿ ಕವಾಟ ಮತ್ತಷ್ಟು ಕೆಡುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲೆ, ಅಂಗನವಾಡಿಗಳ ಮಕ್ಕಳಲ್ಲಿ ಗುರುತಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಈ ಹೃದ್ರೋಗವೂ ಸೇರಿದೆ. ತಪಾಸಣೆಯ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳದಿರುವುದು ಪಾಲಕರ ಕರ್ತವ್ಯ.

ತಡಮಾಡಲಾಗದ ಪ್ರಸಂಗಗಳು

ಇನ್ನು ಕೆಲವು ಲಕ್ಷಣಗಳು ಕಂಡರೆ ಒಂದು ಗಳಿಗೆಯೂ ಕಾಯಬಾರದು. ಉಸಿರಾಡುವಾಗ ಗೊರಗೊರ ಶಬ್ದ ಬರುವುದು, ಉಗುಳನ್ನೂ ನುಂಗಲಾಗದೆ ಜೊಲ್ಲು ಸುರಿಯುವುದು, ಬಾಯಿ ತೆರೆಯಲಾಗದಿರುವುದು, ಒಂದೇ ಬದಿ ವಿಪರೀತ ಊದಿ ಮಾತು ತೊದಲುವುದು, ಕೊರಳು ಬಿಗಿದುಕೊಳ್ಳುವುದು ಇವು ಕಂಡೊಡನೆ ಆಸ್ಪತ್ರೆ ಸೇರಬೇಕು.

ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಟ್ಟಿ, ಕೊರಳು ದಪ್ಪಗೆ ಊದಿಕೊಂಡರೆ ಅದು ನಮ್ಮ ಹಿರಿಯರು ಗಂಟಲಮಾರಿ ಎಂದು ಕರೆದು ನಡುಗುತ್ತಿದ್ದ ಡಿಫ್ತೀರಿಯಾ ಇರಬಹುದು. ಈ ಮಾರಿ ಪೂರ್ತಿ ತೊಲಗಿಲ್ಲ. ಲಸಿಕೆ ತಪ್ಪಿದ ಮಕ್ಕಳನ್ನು ಇಂದಿಗೂ ಹುಡುಕಿ ಹಿಡಿಯುತ್ತದೆ. ಕೂಸಿಗೆ 6, 10, 14 ವಾರಗಳಲ್ಲಿ, ಮತ್ತೆ ಒಂದೂವರೆ ವರ್ಷದ ಆಸುಪಾಸಿನಲ್ಲಿ, 5ರಿಂದ 6 ವರ್ಷಕ್ಕೆ, 10 ಹಾಗೂ 16ನೆಯ ವಯಸ್ಸಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಲಸಿಕೆ ದೊರೆಯುತ್ತದೆ. ಮೊದಲ ಮೂರನ್ನು ಹಾಕಿಸಿದ ತಂದೆತಾಯಿಗಳು ಕೊನೆಯವನ್ನು ಮರೆಯುವುದೇ ಹೆಚ್ಚು. ಇಂದೇ ಮಗುವಿನ ಲಸಿಕೆಯ ಕಾರ್ಡನ್ನು ತೆಗೆದು ನೋಡುವುದು ಒಳ್ಳೆಯದು.

ಮನೆಯ ಹಿರಿಯರಿಗೂ ಒಂದು ಮಾತು. ಮೂರು ವಾರ ಕಳೆದರೂ ಧ್ವನಿ ಸರಿಹೋಗದಿದ್ದರೆ, ನುಂಗುವಾಗ ಅಡ್ಡ ಬಂದಂತಾಗುತ್ತಿದ್ದರೆ, ಕೊರಳಿನಲ್ಲಿ ನೋವಿಲ್ಲದ ಗಂಟು ಬೆಳೆಯುತ್ತಿದ್ದರೆ ಗಂಟಲು ತಜ್ಞರಿಗೆ ತೋರಿಸಲೇಬೇಕು. ತಂಬಾಕು, ಗುಟ್ಕಾ, ಬೀಡಿಗಳ ಒಡನಾಟ ಉಳ್ಳವರಲ್ಲಿ ಇದು ಅರ್ಬುದದ ಮೊದಲ ಸೂಚನೆಯಾಗಿರಬಹುದು. ಮೊದಲ ಹಂತದಲ್ಲಿ ಗುರುತಿಸಿದರೆ ಗುಣಪಡಿಸುವ ಅವಕಾಶ ಹೆಚ್ಚು.

ಒಟ್ಟಿನಲ್ಲಿ, ಉಪ್ಪುನೀರು, ಜೇನು, ಗಂಜಿ, ವಿಶ್ರಾಂತಿ ಇವು ನಮ್ಮ ಮನೆಗಳ ಬೆಲೆಬಾಳುವ ಆಸ್ತಿ. ಅವುಗಳನ್ನು ಕೀಳಾಗಿ ಕಾಣಬೇಕಾಗಿಲ್ಲ. ಅವು ನೋವನ್ನು ತಗ್ಗಿಸುತ್ತವೆ, ಕಾಯುವ ಶಕ್ತಿಯನ್ನು ಕೊಡುತ್ತವೆ. ಆದರೆ ಕಾಯುವಾಗ ಕಣ್ಣು ತೆರೆದಿರಬೇಕು. ಮಗುವಿನ ಬಾಯಿ ತೆರೆಸಿ ಬೆಳಕಿನಲ್ಲಿ ಒಮ್ಮೆ ನೋಡುವುದು, ಕೊರಳನ್ನು ಮೆಲ್ಲಗೆ ಮುಟ್ಟಿ ನೋಡುವುದು, ಜ್ವರ ಅಳೆಯುವುದು, ಕೆಮ್ಮಿದೆಯೇ ಇಲ್ಲವೇ ಎಂದು ಗಮನಿಸುವುದು ಇದಕ್ಕೆ ಬೇಕಾದುದು ಐದೇ ನಿಮಿಷ. ಆ ಐದು ನಿಮಿಷದ ಎಚ್ಚರಕ್ಕೂ ಹತ್ತು ದಿನದ ಔಷಧಕ್ಕೂ ಒಂದು ಹೃದಯವನ್ನು ಆಯುಷ್ಯಪೂರ್ತಿ ಕಾಯುವ ಶಕ್ತಿಯಿದೆ.